ಎರಡನೆಯ ಬಾಯಿ

ಸಹಾಯಕಿ ಚೀಟಿಯನ್ನು ಮೇಜಿನ ಮೇಲಿಟ್ಟಾಗ ಸಂಪಾದಕನ ಕನ್ನಡಕ ಇನ್ನೂ ಹಣೆಯ ಮೇಲೇ ಇತ್ತು. ಆದರೂ ಗೊತ್ತಾಯಿತು. ಮೂವತ್ತನಾಲ್ಕು ವರ್ಷದ ಹಿಂದಿನ ತನ್ನ ಕೈಬರಹವನ್ನು ಗುರುತಿಸಲು ಅವನಿಗೆ ಕನ್ನಡಕ ಬೇಕಾಗಲಿಲ್ಲ. ಅಂಗೈಯಗಲದ ಕಾಗದ, ಮೂಲೆಯಲ್ಲಿ ಗುಂಡುಸೂಜಿ ಬಿಟ್ಟುಹೋದ ತುಕ್ಕು, ಮೇಲೆ ಪದ, ಅದರಡಿ ಅರ್ಥ, ಅದರಡಿ ‘ಯಾರ ಬಾಯಿಂದ’ ಎಂಬ ಅಚ್ಚಿನ ಗೆರೆ. ಗೆರೆಯ ಮೇಲೆ, ಪ್ರತಿ ಅಕ್ಷರಕ್ಕೂ ಒಂದು ಬಾಲ ಅಂಟಿಸುವ ಆಗಿನ ಚಟದಲ್ಲಿ, ‘ಲಾಳ ಹೊಡೆಯುವವನು, ಊರಾಚೆಯ ಲಾಯ.’ ಪದ: ತಡವಲು. ಅರ್ಥ: ಆಗತಾನೇ ಹುಟ್ಟಿ ಎದ್ದು ನಿಲ್ಲಲು ಒದ್ದಾಡುತ್ತಿರುವ ಕುದುರೆಮರಿ.

“ಇದೊಂದು ಒಂಟಿಕಾಲಲ್ಲಿ ನಿಂತಿದೆ ಸರ್,” ಅಂದಳು ಅವಳು. “ಎರಡನೇ ಬಾಯಿನೇ ಇಲ್ಲ.”

ಎರಡು ಬಾಯಿ ಎಂಬುದು ನಿಘಂಟು ಕಚೇರಿಯ ಹಳೆಯ ನಿಯಮ. ಯಾವ ಪುಸ್ತಕದಲ್ಲೂ ಸಿಗದ, ಬರೀ ಮಾತಿನಲ್ಲಿ ಬದುಕಿರುವ ಪದವಾದರೆ ಅದನ್ನು ಕನಿಷ್ಠ ಇಬ್ಬರ ಬಾಯಲ್ಲಿ ಕೇಳಿರಬೇಕು. ಕೇಳುವಾಗ ಪದವನ್ನು ನಾವೇ ಎತ್ತಿಕೊಡುವಂತಿಲ್ಲ, ವಸ್ತುವನ್ನು ತೋರಿಸಿ ‘ಇದಕ್ಕೇನಂತೀರಿ’ ಎಂದಷ್ಟೇ ಕೇಳಬೇಕು. ಮೊದಲ ಮುದ್ರಣದಲ್ಲಿ ಈ ಒಂದು ಪದಕ್ಕೆ ಮಾತ್ರ ನಿಯಮ ಸಡಿಲಿಸಿದವರು ಹಿರಿಯ ಸಂಪಾದಕರು, ಸಂತೋಷದ ಭರದಲ್ಲಿ. ಅವರು ಹೋಗಿ ಹನ್ನೊಂದು ವರ್ಷವಾಗಿತ್ತು. ಈಗ ಪರಿಷ್ಕೃತ ಮುದ್ರಣ. ತ ಅಕ್ಷರದ ಹಾಳೆಗಳು ಸಂಜೆ ಐದಕ್ಕೆ ಅಚ್ಚಿನ ಮನೆಗೆ ಹೋಗಬೇಕು, ಅದಕ್ಕೆ ಮುಂಚೆ ಅವನ ರುಜು ಬೀಳಬೇಕು. ತಂಟೆ, ತಗಾದೆ, ತಪ್ಪು, ತಪ್ಪೊಪ್ಪಿಗೆ, ತಲೆನೋವು ಎಲ್ಲ ಒಂದೇ ಅಕ್ಷರದ ಬೆಂಚಿನ ಮೇಲೆ ಸಾಲಾಗಿ ಕೂತಿರುವುದನ್ನು ವಾರದಿಂದ ನೋಡಿ ನೋಡಿ ತನ್ನಷ್ಟಕ್ಕೆ ನಕ್ಕಿದ್ದ. ಈ ಚೀಟಿ ಮಾತ್ರ ಅವಳ ಕಣ್ಣಿಗೆ ಬೀಳದಿರಲಿ ಎಂದು ಹಾರೈಸಿದ್ದ. ಹಾರೈಕೆಗೂ ಎರಡು ಬಾಯಿ ಬೇಕಿತ್ತೇನೋ.

“ಹಿರಿಯರೇ ಒಪ್ಪಿದ್ದು. ಬಿಟ್ಬಿಡಮ್ಮ,” ಅಂದ.

“ಬಿಡೋಕೇನು ಸರ್, ಬಿಡಬಹುದು. ಆದ್ರೆ ಅವರು ಒಪ್ಪಿದ್ದು ಕಿವಿ ಲೆಕ್ಕಕ್ಕೆ ಹೋಗುತ್ತೆ, ಬಾಯಿ ಲೆಕ್ಕಕ್ಕಲ್ಲ.” ಅವಳು ಆಗಲೇ ಕೈಚೀಲವನ್ನು ಹೆಗಲಿಗೇರಿಸಿದ್ದಳು. “ನಾನು ವಿಚಾರಿಸ್ದೆ. ಆ ಲಾಳದವರು ಈಗಿಲ್ಲ. ಮಗಳಿದ್ದಾರೆ, ಅದೇ ಲಾಯದಲ್ಲಿ ಅದೇ ಕೆಲಸ ಮಾಡ್ತಾರೆ. ಇವತ್ತು ಬೆಳಗ್ಗೆ ಅಲ್ಲೊಂದು ಕುದುರೆ ಮರಿ ಹಾಕಿದೆಯಂತೆ. ಬೇಕು ಅಂದ್ರೂ ಸಿಗುತ್ತಾ ಇಂಥ ದಿನ? ನೀವೂ ಬನ್ನಿ ಸರ್.”

“ನನಗೆ ಮಂಡಿ ನೋವು.”

“ಬಸ್ಸು ಲಾಯದ ಬಾಗಿಲಿಗೇ ಹೋಗುತ್ತೆ.”

ಅವಳೊಬ್ಬಳನ್ನೇ ಕಳಿಸಿದರೆ ಏನು ಕೇಳಿಕೊಂಡು ಬರುತ್ತಾಳೋ ಎಂಬ ಹೆದರಿಕೆ, ಜೊತೆಗೆ ಹೋದರೆ ಏನು ಕೇಳಬೇಕಾದೀತೋ ಎಂಬ ಹೆದರಿಕೆ. ಎರಡನ್ನೂ ತೂಗುತ್ತಿದ್ದಂತೆಯೇ ಅವನ ಕಾಲು ಚಪ್ಪಲಿಯನ್ನು ಹುಡುಕಿಕೊಂಡಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ಇದೇ ದಾರಿಯ ಬಸ್ಸಿನಲ್ಲೇ ಆ ಪದ ಹುಟ್ಟಿದ್ದು. ಅವನಿಗಾಗ ಇಪ್ಪತ್ತಾರು, ಕಚೇರಿಯಲ್ಲಿ ಎಲ್ಲರೂ ಅವನನ್ನು ಗಿಳಿ ಎಂದು ಕರೆಯುತ್ತಿದ್ದರು, ಯಾರ ಧ್ವನಿಯನ್ನಾದರೂ ಎರಡು ನಿಮಿಷ ಕೇಳಿದರೆ ಸಾಕು, ಆ ಮನುಷ್ಯ ಎದ್ದುಹೋದ ಮೇಲೂ ಅವನನ್ನು ಅದೇ ಕುರ್ಚಿಯಲ್ಲಿ ಕೂರಿಸಿ ತೋರಿಸುತ್ತಿದ್ದ. ಹಿರಿಯ ಸಂಪಾದಕರಿಗೆ ಒಂದು ಕೊರಗಿತ್ತು. ಹಸುವಿಗೆ ಕರು ಉಂಟು, ನಮ್ಮ ಭಾಷೆ ಕುದುರೆಗೆ ಮಾತ್ರ ಯಾಕೆ ಹೀಗೆ ಜಿಪುಣತನ ಮಾಡಿತು? ಬೆಕ್ಕಿನದೂ ಮರಿ, ಇಲಿಯದೂ ಮರಿ, ಅಷ್ಟೆತ್ತರದ ಕುದುರೆಯದೂ ಮರಿಯೇ? ಸಂಸ್ಕೃತದವರ ಹತ್ತಿರ ಕಿಶೋರ ಇತ್ತು, ಅದೂ ಮೊದಲು ಲಾಯದಲ್ಲೇ ಇದ್ದದ್ದು, ಆಮೇಲೆ ಮೀಸೆ ಚಿಗುರುವ ಹುಡುಗರ ಮನೆಗೆ ವರ್ಗವಾಗಿ ಹೋಯಿತು, ನಮಗೆ ಬಂದದ್ದು ಬರೀ ಹುಡುಗ, ಕುದುರೆ ಅಲ್ಲೇ ಉಳಿಯಿತು, ಎಂದು ಅವರು ಮೂಗಿನ ಮೇಲಿನ ಬೆವರೊರೆಸಿಕೊಂಡು ದುಃಖಿಸುತ್ತಿದ್ದರು. ಹೋಗಿ ಕೇಳು, ಕುದುರೆಯ ಜೊತೆ ಬದುಕುವವರ ಬಾಯಲ್ಲಿ ಇದ್ದೇ ಇರುತ್ತದೆ ಎಂದು ಅವನನ್ನು ಕಳಿಸಿದ್ದರು. ಮೂರು ದಿನ ಲಾಯದಲ್ಲಿ ಕೂತ. ಗೊರಸು, ಮೊಳೆ, ಕಡಿವಾಣ, ಕುದುರೆ ಕುಂಟುವ ಬಗೆಗಳು, ಮುನಿಸಿಕೊಳ್ಳುವ ಬಗೆಗಳು ಎಂದು ಲಾಳದವನು ಬಾಯ್ತುಂಬ ಕೊಟ್ಟ. ಕೇಳಬೇಕಾದ್ದನ್ನು ಕೇಳಿದಾಗ ಮಾತ್ರ, “ಮರಿ ಅಂತೀವಿ ಸ್ವಾಮಿ. ಮರಿಗೆ ಮರಿ ಅನ್ನದೆ ಇನ್ನೇನಂತಾರೆ?” ಎಂದು ನಕ್ಕುಬಿಟ್ಟ. ಖಾಲಿ ಕೈಯಲ್ಲಿ ಬಸ್ಸು ಹತ್ತಿ, ಹಿರಿಯರ ಮುಖ ನೆನೆಸಿಕೊಂಡು, ಮೂರು ನಿಲ್ದಾಣ ಕಳೆಯುವುದರೊಳಗೆ ತಡವುವುದು, ತಡವರಿಸುವುದು ಇವೆರಡನ್ನೂ ಬಾಯೊಳಗೇ ಹೊರಳಿಸಿ ಒಂದು ಪದ ಮಾಡಿಬಿಟ್ಟಿದ್ದ. ಮಾಡಿದ ಮೇಲೆ ಅದು ಎಷ್ಟು ಸಹಜವಾಗಿತ್ತೆಂದರೆ, ಮುಂದಿನ ಎರಡು ನಿಲ್ದಾಣ ಅದನ್ನು ಲಾಳದವನೇ ಹೇಳಿದ್ದೆಂದು ಅವನಿಗೇ ಅನ್ನಿಸಿತ್ತು.

ಹಿರಿಯರು ಚೀಟಿ ಓದಿ ಎದ್ದು ನಿಂತುಬಿಟ್ಟರು. “ಹೇಗೆ ಹೇಳಿದ? ಅವನ ಹಾಗೇ ಹೇಳಿ ತೋರ್ಸು,” ಅಂದರು. ಅವನು ಎಡಗಾಲಿನ ಮೇಲೆ ಭಾರ ಬಿಟ್ಟು, ಬಲ ಅಂಗೈಯನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತ, ಮಾತಿನ ಕೊನೆಯನ್ನು ಮೆಲ್ಲಗೆ ನೆಲಕ್ಕಿಳಿಸುವ ಆ ಗೊಗ್ಗರು ಧ್ವನಿಯಲ್ಲಿ, “ಅದಕ್ಕೆ ತಡವಲು ಅಂತೀವಿ ಸ್ವಾಮಿ” ಅಂದ. ಕಚೇರಿಯೆಲ್ಲ ಚಪ್ಪಾಳೆ. ಆ ಸಂಜೆಯೇ ಹಿರಿಯರು ಕೂತು ಬರೆದ ಟಿಪ್ಪಣಿ ಮುಂದೆ ನಿಘಂಟಿನ ಮುನ್ನುಡಿಗಿಂತ ಹೆಚ್ಚು ಜನ ಓದಿದ ಭಾಗವಾಯಿತು: ‘ಕಣ್ಣು ಬಿಟ್ಟ ಗಳಿಗೆಯಿಂದ ಕಾಲಿನಿಂದ ನೆಲವನ್ನೂ ಮೂತಿಯಿಂದ ಕೆಚ್ಚಲನ್ನೂ ತಡವುವುದರಿಂದ ಈ ಹೆಸರು.’ ಆ ತಿಂಗಳೇ ಅವನ ಕೆಲಸ ಕಾಯಂ ಆಯಿತು. ಮದುವೆಯಾದ ಹೊಸತರಲ್ಲಿ ಇದನ್ನೆಲ್ಲ ತಮಾಷೆ ಮಾಡಿ ಹೆಂಡತಿಗೆ ಹೇಳಿದ್ದ. ಅವಳು ನಗಲಿಲ್ಲ. “ಆಮೇಲೆ ಆ ಮನುಷ್ಯ ಏನಂದ?” ಅಂತಷ್ಟೇ ಕೇಳಿದಳು. ಏನೂ ಅನ್ನಲಿಲ್ಲ ಎಂದಿದ್ದ. ಆದರೆ ಲಾಳದವನು ಅಂದಿದ್ದ. ಅದೇ ಅಲ್ಲವೇ ಇವನು ಮುಚ್ಚಿಟ್ಟದ್ದು.

“ಇಳೀಬೇಕು ಸರ್,” ಸಹಾಯಕಿ ಭುಜ ಮುಟ್ಟಿದಳು. “ನಿದ್ದೆ ಬಂತಾ?”

ಲಾಯದ ಅಂಗಳದಲ್ಲಿ ಸುಟ್ಟ ಗೊರಸಿನ ವಾಸನೆ. ಕೂದಲು ಸುಟ್ಟ ಹಾಗೆ, ಆದರೆ ಅದಕ್ಕಿಂತ ಗಟ್ಟಿ. ಆ ವಾಸನೆ ಇಷ್ಟು ವರ್ಷ ತನ್ನೊಳಗೇ ಎಲ್ಲೋ ಮಡಿಸಿಕೊಂಡು ಕೂತಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಸೊಂಟಕ್ಕೆ ತೊಗಲಿನ ಮುಂಗವಸು ಕಟ್ಟಿದ್ದ ನಲವತ್ತೈದರ ಆಸುಪಾಸಿನ ಹೆಂಗಸು ಕಂದು ಕುದುರೆಯೊಂದರ ಹಿಂಗಾಲನ್ನು ತೊಡೆಗಳ ನಡುವೆ ಹಿಡಿದು ಬಗ್ಗಿದ್ದಳು. ಬಾಯಲ್ಲಿ ಮೊಳೆಗಳಿದ್ದವು, ಅವುಗಳ ಸಂದಿಯಲ್ಲೇ ಮಾತಾಡಿದಳು.

“ಆ ಕಡೆ ನಿಲ್ಬೇಡಿ ಸಾರ್, ಅದರ ಹಿಂದೆ. ಯಾರ ಮುಖಾನೂ ನೋಡಲ್ಲ ಅದು, ಒದ್ದುಬಿಡುತ್ತೆ. ನಿಘಂಟಿನೋರು ಅಲ್ವಾ? ಫೋನ್ ಮಾಡಿದ್ರು ಇವ್ರು. ಒಂದು ಗಳಿಗೆ ಇರಿ, ಈ ಕಾಲು ನಡುವೆ ಬಿಡೋಕಾಗಲ್ಲ.”

ಬಿಡುವುದೇನೂ ಬೇಡ, ಇಲ್ಲಿಂದಲೇ ಕೇಳುತ್ತೇನೆ ಎಂದು ಸಹಾಯಕಿ ಪುಸ್ತಕ ತೆರೆದಳು. ಎದುರಿನ ಕೊಟ್ಟಿಗೆಯಲ್ಲಿ ಹುಲ್ಲಿನ ಮೇಲೆ ನಾಲ್ಕು ಉದ್ದ ಕಾಲುಗಳು, ಯಾರೋ ಜೋಡಿಸುವುದನ್ನು ಅರ್ಧಕ್ಕೆ ಬಿಟ್ಟುಹೋದ ಹಾಗೆ. ಅವುಗಳ ಮಧ್ಯೆ ಎಲ್ಲೋ ಒದ್ದೆ ಒದ್ದೆಯಾದ ಒಂದು ಪ್ರಾಣಿ. ತಾಯಿ ಅದರ ಬೆನ್ನು ನೆಕ್ಕುತ್ತಿತ್ತು. ಸಹಾಯಕಿ ನಿಯಮ ಮೀರದ ಹಾಗೆ ಬೆರಳು ಚಾಚಿ, “ಅದಕ್ಕೇನಂತೀರಿ ಅಕ್ಕ?” ಅಂದಳು.

“ಯಾವುದಕ್ಕೆ, ಅದಕ್ಕಾ? ಮರಿ.”

ಸಹಾಯಕಿಯ ಪೆನ್ಸಿಲು ನಿಂತಿತು. ಅವನ ಎದೆಯಲ್ಲಿ ಏನೋ ಸಡಿಲವಾಯಿತು, ಅದು ಸಮಾಧಾನವೆಂದು ತಿಳಿದು ಅವನಿಗೆ ನಾಚಿಕೆಯಾಯಿತು. ಎರಡನೇ ಬಾಯಿ ಇಲ್ಲ, ಪದ ಬಿದ್ದುಹೋಗುತ್ತದೆ, ಐದು ಗಂಟೆಗೆ ರುಜು ಹಾಕಿ ಮನೆಗೆ ಹೋಗಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳಬಹುದು. ಯಾರೂ ಏನೂ ಹೇಳಬೇಕಾಗಿಲ್ಲ.

“ಮರಿ ಅನ್ನೋದು ನಾಳೆಯಿಂದ,” ಅಂದಳು ಲಾಳದವನ ಮಗಳು, ಒಂದು ಮೊಳೆಯನ್ನು ಬಾಯಿಂದ ತೆಗೆದು ಗೊರಸಿಗಿಡುತ್ತ. “ಇವತ್ತೊಂದು ದಿನ ತಡವಲು. ಸರಿಯಾಗಿ ನಿಂತ್ಕೊಂಡು ಹಾಲು ಕುಡಿದ್ರೆ ಆಮೇಲೆ ಮರಿ.”

“ಒಂದು ದಿನಕ್ಕೆ ಮಾತ್ರ!” ಸಹಾಯಕಿ ಕುಣಿಯುವುದೊಂದು ಬಾಕಿ. “ಸರ್, ಈ ಛಾಯೆ ನಮ್ಮ ಚೀಟೀಲಿ ಇಲ್ವೇ ಇಲ್ಲ! ಬಾಯಿ ಸಿಕ್ತು ಸರ್!”

ಅವನು ಕೊಟ್ಟಿಗೆಯ ಗಳುವನ್ನು ಹಿಡಿದುಕೊಂಡ. ಬಸ್ಸಿನ ಮೂರು ನಿಲ್ದಾಣಗಳ ಮಧ್ಯೆ ಗಾಳಿಯಲ್ಲಿ ಹುಟ್ಟಿದ್ದು ಇಲ್ಲಿ ಬಂದು, ಹುಲ್ಲು ತಿಂದು, ಮೈ ತುಂಬಿಕೊಂಡು, ತನಗೇ ಗೊತ್ತಿರದ ಒಂದು ಅರ್ಥವನ್ನೂ ಬೆಳೆಸಿಕೊಂಡು ನಿಂತಿತ್ತು.

“ನಮ್ಮಪ್ಪ ಹೇಳ್ಕೊಟ್ಟಿದ್ದು,” ಅವಳು ಸುತ್ತಿಗೆ ಎತ್ತಿದಳು. “ಅವ್ರ ಮಾತು ಪುಸ್ತಕದಲ್ಲಿ ಅಚ್ಚಾಗಿದೆ, ಗೊತ್ತಾ ನಿಮಗೆ? ಆ ಹಾಳೆ ಕಳಿಸಿಕೊಟ್ಟಿದ್ರು ನಿಮ್ಮೋರು. ಕಟ್ಟು ಹಾಕಿಸಿ ಗೋಡೆಗೆ ತಗಲಿಸಿದ್ದೀನಿ. ಪಾಪ, ಆಗ್ಲೇ ಅವ್ರಿಗೆ ಮರೆವು ಶುರುವಾಗಿತ್ತು. ತಾನೇ ಹೇಳಿದ ಮಾತು ತನಗೇ ನೆನಪಿರಲಿಲ್ಲ. ನಿಮ್ಮ ಕಚೇರಿಗೇ ಹೋಗಿ ಕೇಳ್ಕೊಂಡು ಬಂದ್ರು. ಬಂದವರು ಎರಡು ದಿನ ಊಟ ಮಾಡ್ಲಿಲ್ಲ. ಮಾತೇ ಮರ್ತಮೇಲೆ ಮೊಳೆ ಮರೆಯೋದು ಎಷ್ಟೊತ್ತು, ಒಂದು ಮೊಳೆ ಗೊರಸಲ್ಲಿ ವಾರೆ ಉಳಿದ್ರೆ ಕುದುರೆ ಕಾಲೇ ಹೋಯ್ತು ಅಂತ. ನಾನಾಗ ಹನ್ನೆರಡು ವರ್ಷದೋಳು. ‘ನನ್ನ ನೆನಪು ನಂಬೋ ಹಾಗಿಲ್ಲ, ನೀನು ಎಣಿಸು ಮಗಳೇ’ ಅಂತ ಪಕ್ಕದಲ್ಲಿ ನಿಲ್ಲಿಸ್ಕೊಂಡ್ರು. ಅವರೊಂದ್ಸಲ, ನಾನೊಂದ್ಸಲ. ಹಾಗೇ ನನಗೂ ಈ ಕೆಲಸ ಬಂತು ಅನ್ನಿ. ಆ ಪದಾನೂ ದಿನಾ ಹೇಳ್ಕೊಂಡು ಹೇಳ್ಕೊಂಡು ಬಾಯಿಪಾಠ ಮಾಡಿದ್ರು, ಇನ್ನೊಂದ್ಸಲ ಮರೀಬಾರದು ಅಂತ.”

ಸಂಪಾದಕನ ಕಣ್ಣೆದುರು ಮತ್ತೆ ಆ ಮನುಷ್ಯ ನಿಂತಿದ್ದ. ಲಾಳದವನು, ಕಚೇರಿಯ ಬಾಗಿಲಲ್ಲಿ, ನೆಲ ಹೊಳೆಯುತ್ತಿದೆಯೆಂದು ಒಳಗೆ ಕಾಲಿಡದೆ, ಕೈ ತೊಳೆದು ತೊಳೆದು ಬೆಳ್ಳಗಾಗಿದ್ದ ಬೆರಳುಗಳಲ್ಲಿ ಮಡಿಸಿದ ಹಾಳೆ ಹಿಡಿದು. ಮಧ್ಯಾಹ್ನ ಮೂರು ಗಂಟೆ. ಪಕ್ಕದ ಕೋಣೆಯಲ್ಲಿ ಹಿರಿಯರು, ಅರ್ಧ ತೆರೆದ ಬಾಗಿಲು. “ತಡವಲು ಅಂತ ನಾನು ಅಂದೇ ಇಲ್ಲವಲ್ಲ ಸ್ವಾಮಿ.” ಆರೋಪ ಇರಲಿಲ್ಲ ಆ ಧ್ವನಿಯಲ್ಲಿ, ಬೇರೆಯವರಿಗೆ ಸೇರಬೇಕಾದ ಕಾಗದ ತನಗೆ ಬಂದುಬಿಟ್ಟಿದೆ, ವಾಪಸು ಕೊಟ್ಟುಹೋಗೋಣ ಎಂಬಂಥ ಸಂಕೋಚ. ಗಿಳಿ ಆ ಅರ್ಧ ಬಾಗಿಲನ್ನು ನೋಡಿ, ಧ್ವನಿ ತಗ್ಗಿಸಿ, “ಅಂದಿದ್ರಿ. ಮರ್ತಿದ್ದೀರಿ. ವಯಸ್ಸಾಯ್ತಲ್ಲ” ಎಂದುಬಿಟ್ಟಿದ್ದ. ಐವತ್ತೂ ಆಗಿರದ ಆ ಮನುಷ್ಯ ತನ್ನ ಅಂಗೈಯನ್ನು ನೋಡಿಕೊಂಡು, “ಅಂದಿದ್ನಾ?” ಅಂದ. ತೊಂದರೆ ಕೊಟ್ಟೆ ಎಂದು ಕೈಮುಗಿದು ಮೆಟ್ಟಿಲಿಳಿದ. ಸಂಜೆ ಕ್ಯಾಂಟೀನಿನಲ್ಲಿ ಗಿಳಿ ಅದನ್ನೂ ಮಾಡಿ ತೋರಿಸಿದ. ಅಂಗೈ ನೋಡಿಕೊಳ್ಳುವುದು, ಹುಬ್ಬು ಕೂಡಿಸುವುದು, ಅಂದಿದ್ನಾ. ಜನ ಚಹಾ ಚೆಲ್ಲುವಷ್ಟು ನಕ್ಕಿದ್ದರು.

“ಅವ್ರಿಗೆ ಮರೆವು ಇರಲಿಲ್ಲ,” ಅಂದ ಸಂಪಾದಕ.

ಸುತ್ತಿಗೆ ಒಂದು ಹೊಡೆತ ಹೊಡೆಯಿತು. “ಏನಂದ್ರಿ ಸಾರ್?”

“ನಿಮ್ಮಪ್ಪ ಆ ಪದ ಹೇಳಲೇ ಇಲ್ಲ. ನಾನು ಕಟ್ಟಿದ್ದು. ಕಚೇರಿಗೆ ಬಂದು ‘ನಾನು ಅಂದಿಲ್ಲ’ ಅಂದ್ರು. ಸರಿಯಾಗೇ ಅಂದ್ರು. ಅಂದಿದ್ರಿ, ಮರ್ತಿದ್ದೀರಿ ಅಂತ ಹೇಳಿ ಕಳಿಸಿದೋನು ನಾನು.”

ಸಹಾಯಕಿ ಅವನನ್ನು ನೋಡಿದಳು. ತಪ್ಪು ಪುಟ ತೆರೆದುಕೊಂಡಿತೇನೋ ಎಂಬಂತೆ ಪುಸ್ತಕವನ್ನು ನೋಡಿದಳು. ಮತ್ತೆ ಅವನನ್ನು ನೋಡಿದಳು. ಲಾಳದವನ ಮಗಳು ತಲೆಯೆತ್ತಲಿಲ್ಲ. ಕಾಲನ್ನು ನಡುವೆ ಬಿಡುವಂತಿರಲಿಲ್ಲ. ಉಳಿದ ಮೂರು ಮೊಳೆಗಳನ್ನು ಒಂದೊಂದಾಗಿ ಹೊಡೆದಳು, ತುದಿಗಳನ್ನು ಮಡಿಸಿದಳು, ಅರದಿಂದ ತೀಡಿದಳು. ಇಷ್ಟು ನಿಧಾನವಾದ ಶಿಕ್ಷೆಯನ್ನು ಅವನು ಯಾವತ್ತೂ ಊಹಿಸಿಕೊಂಡಿರಲಿಲ್ಲ. ಊಹಿಸಿಕೊಂಡದ್ದರಲ್ಲೆಲ್ಲ ಹಿರಿಯರು ಇರುತ್ತಿದ್ದರು, ಅವರ ಮುಖ ಬಾಡುತ್ತಿತ್ತು, ಪತ್ರಿಕೆಯವರು ಬರೆಯುತ್ತಿದ್ದರು. ಬಗ್ಗಿದ ಒಂದು ಬೆನ್ನು, ಆ ಬೆನ್ನಿನ ಮೇಲೆ ಬೆವರಿನ ಒಂದು ಗೆರೆ, ಇದು ಎಲ್ಲೂ ಇರಲಿಲ್ಲ. ಅವಳು ಬೆರಳಿಟ್ಟು ಎಣಿಸಿದಳು. “ಒಂದು, ಎರಡು, ಮೂರು, ನಾಲ್ಕು, ಐದು, ಆರು.” ಕಾಲನ್ನು ಕೆಳಗಿಟ್ಟು ನೆಟ್ಟಗೆ ನಿಂತಳು.

ಕುದುರೆ ಮತ್ತೆ ಅದೇ ಕಾಲನ್ನು ತಾನಾಗಿಯೇ ಎತ್ತಿ ಹಿಡಿದು ಕಾದಿತು. ಈ ಲಾಯದ ಕುದುರೆಗಳಿಗೆ ಎಣಿಕೆ ಎರಡು ಸಲ ಎಂದು ಗೊತ್ತಿತ್ತು.

ಅವಳು ಅದನ್ನು ನೋಡಿದಳು, ಆದರೆ ಬಗ್ಗಲಿಲ್ಲ. “ಸಾಯೋವರೆಗೂ ಅವ್ರಿಗೆ ಮರೆವು ಬರಲೇ ಇಲ್ಲ,” ಅಂದಳು. “ನಾವು ಅಂದ್ಕೊಳ್ತಿದ್ವಿ, ಬಂದ ಮರೆವು ಯಾಕೆ ಬೆಳೀತಾ ಇಲ್ಲ ಅಂತ. ಎಲ್ಲರ ಹೆಸರು, ಎಲ್ಲಾ ಕುದುರೆ ಲಾಳದ ಅಳತೆ, ಕಡೇ ದಿನದವರೆಗೂ. ಆದ್ರೂ ಪ್ರತಿ ಮಾತಿಗೂ ನನ್ನ ಮುಖ ನೋಡೋರು. ‘ಹೌದೇನೇ? ನಾನು ಹೇಳ್ತಿರೋದು ಸರೀನಾ?’ ಇಪ್ಪತ್ತು ವರ್ಷ ಸಾರ್.”

ಏನು ಹೇಳಿದರೂ ಅದು ಅಭಿನಯವಾಗುತ್ತದೆ ಎನ್ನಿಸಿತು ಅವನಿಗೆ. ಕ್ಷಮೆ ಕೇಳುವವರ ಧ್ವನಿಗಳು ಎಷ್ಟೋ ಅವನ ಗಂಟಲಲ್ಲಿದ್ದವು, ಗುಮಾಸ್ತನದು, ಭಾಷಣಕಾರನದು, ಕುಡಿದು ಬಂದ ಗಂಡನದು. ತನ್ನದು ಯಾವುದೆಂದು ಹುಡುಕಿದರೆ ಸಿಗಲಿಲ್ಲ. “ತಪ್ಪಾಯ್ತು” ಅಂದ, ಸಪ್ಪೆಯಾಗಿ. ಅಷ್ಟು ಸಪ್ಪೆಯಾಗಿದ್ದುದೇ ತನ್ನದಿರಬೇಕು.

ಅವಳು ಮುಂಗವಸಿಗೆ ಕೈ ಒರೆಸಿಕೊಂಡಳು. “ಅವತ್ತು ಹೇಗಂದ್ರು?”

“ತಡವಲು ಅಂತ ನಾನು ಅಂದೇ ಇಲ್ಲವಲ್ಲ ಸ್ವಾಮಿ ಅಂದ್ರು.”

“ಹಾಗಲ್ಲ. ಅವ್ರು ಹೇಗೆ ಅಂದ್ರೋ ಹಾಗೆ. ಲಾಯಕ್ಕೆ ಬಂದಿದ್ದಾಗ ನೀವು ಯಾರ್ಯಾರದೋ ಧ್ವನಿ ಮಾಡಿ ನಗಿಸ್ತಿದ್ರಂತೆ, ಅಪ್ಪ ಹೇಳ್ತಿದ್ರು. ಆ ಗಿಳಿ ಸ್ವಾಮಿ ನೀವೇ ಅಲ್ವಾ?”

ಅವನು ಸಹಾಯಕಿಯ ಕಡೆ ನೋಡಿದ. ಅವಳು ಹುಲ್ಲಿನ ಕಡೆ ತಿರುಗಿಕೊಂಡಳು. ಮೂವತ್ತನಾಲ್ಕು ವರ್ಷದಿಂದ ಆ ಒಂದು ಧ್ವನಿಯನ್ನು ಅವನು ಮುಟ್ಟಿರಲಿಲ್ಲ; ಆ ಸಂಜೆಯ ಕ್ಯಾಂಟೀನೇ ಕೊನೆ. ಇನ್ನು ಬರಲಾರದು ಎಂದುಕೊಂಡ. ಭಾರ ತಾನಾಗಿಯೇ ಎಡಗಾಲಿಗೆ ಇಳಿಯಿತು, ನೋಯುವ ಮಂಡಿಯ ಮೇಲೆ. ಹೆಬ್ಬೆರಳು ಅಂಗೈಯನ್ನು ಹುಡುಕಿಕೊಂಡಿತು. ಗಂಟಲಲ್ಲಿ ಮರಳು ಸರಿದ ಹಾಗೆ ಏನೋ ಸರಿದು, ಮಾತು ಬಂದು, ಕೊನೆಯಲ್ಲಿ ಮೆಲ್ಲಗೆ ನೆಲಕ್ಕಿಳಿಯಿತು. “ತಡವಲು ಅಂತ ನಾನು ಅಂದೇ ಇಲ್ಲವಲ್ಲ ಸ್ವಾಮಿ.”

ಲಾಳದವನ ಮಗಳು ಕಣ್ಣು ಮುಚ್ಚಿಕೊಂಡಿದ್ದಳು. 

“ಇನ್ನೊಂದ್ಸಲ,” ಅಂದಳು.

ಅವನು ಇನ್ನೊಂದು ಸಲ ಅಂದ. ಈ ಸಲ ಮಾಡಬೇಕಾಗಲಿಲ್ಲ, ಬಂತು.

ಅವಳು ತೊಟ್ಟಿಯ ಹತ್ತಿರ ಹೋಗಿ ಮುಖಕ್ಕೆ ನೀರೆರಚಿಕೊಂಡು ಬಂದಳು. ಕೊಟ್ಟಿಗೆಯಲ್ಲಿ ಆ ನಾಲ್ಕು ಕಾಲುಗಳ ಗೊಂದಲ ಮುಂದುವರಿದಿತ್ತು. ಮುಂದಿನೆರಡು ಎದ್ದರೆ ಹಿಂದಿನೆರಡು ಜಾರುತ್ತಿದ್ದವು, ಹಿಂದಿನೆರಡು ಎದ್ದರೆ ಮೂತಿ ಹುಲ್ಲಿಗೆ ಬೀಳುತ್ತಿತ್ತು.

“ಸರ್,” ಸಹಾಯಕಿ ಮೆಲ್ಲಗೆ ಬಾಯಿ ತೆರೆದಳು, “ಹಾಗಾದ್ರೆ ಪದ ತೆಗೀಬೇಕಾಗುತ್ತೆ. ಹಿರಿಯರ ಟಿಪ್ಪಣಿನೂ.”

“ತೆಗೆದು?” ಲಾಳದವನ ಮಗಳು ಕೇಳಿದಳು. “ನಾಳೆಯಿಂದ ನಾವು ಏನನ್ನಬೇಕು ಅದಕ್ಕೆ? ಮೂವತ್ತು ವರ್ಷದಿಂದ ಈ ಅಂಗಳದಲ್ಲಿ ಹುಟ್ಟಿದ್ದೆಲ್ಲ ಮೊದಲನೇ ದಿನ ತಡವಲೇ. ಕುದುರೆ ಸಾಕೋರೆಲ್ಲ ಹಾಗೇ ಅಂತಾರೆ ಈಗ. ಅದು ಇರಲಿ. ಆದ್ರೆ ಅಪ್ಪ ಹೇಳಿದ್ದು ಅಂತ ಬರೀಬೇಡಿ. ಅಪ್ಪ ಏನು ಹೇಳಿದ್ರೋ ಅದನ್ನ ಬರೀರಿ.”

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಸಹಾಯಕಿಯ ಕೈಯಿಂದ ಪೆನ್ಸಿಲು ತೆಗೆದುಕೊಂಡು ಮೊಳೆಪೆಟ್ಟಿಗೆಯ ಮುಚ್ಚಳದ ಮೇಲೆ ಹೊಸ ಚೀಟಿಯನ್ನಿಟ್ಟುಕೊಂಡು ಬಗ್ಗಿದ. ಮೂಲ: ಈ ಕಚೇರಿಯ ನೌಕರನೊಬ್ಬನ ಕಟ್ಟುಪದ. ಅಲ್ಲಿ ‘ಒಬ್ಬ’ ಎಂಬುದನ್ನು ಹೊಡೆದು ತನ್ನ ಹೆಸರು ಬರೆದ. ಅರ್ಥ: ಹುಟ್ಟಿದ ಮೊದಲ ದಿನದ ಕುದುರೆಮರಿ, ಎರಡನೆಯ ದಿನದಿಂದ ಮರಿ. ಯಾರ ಬಾಯಿಂದ: ಲಾಳ ಹೊಡೆಯುವವಳು, ಊರಾಚೆಯ ಲಾಯ. ಪ್ರಯೋಗ ಎಂಬ ಗೆರೆ ಬಂದಾಗ ಕೈ ತಡೆಯಿತು. ಹಿರಿಯರ ಚೆಂದದ ವಾಕ್ಯ ಕಣ್ಣ ಮುಂದೆ ಹಾದುಹೋಯಿತು. ಎದ್ದು ನಿಂತ ಅವರ ಸಂತೋಷವೂ. ಆ ಗೆರೆಯ ಮೇಲೆ, ಒಂದು ಅಕ್ಷರಕ್ಕೂ ಬಾಲ ಅಂಟಿಸದೆ, ಬರೆದ:

‘ತಡವಲು ಅಂತ ನಾನು ಅಂದೇ ಇಲ್ಲವಲ್ಲ ಸ್ವಾಮಿ.’ (ಲಾಳ ಹೊಡೆಯುವವನು, ಕಚೇರಿಯ ಬಾಗಿಲಲ್ಲಿ.)

“ಓದಿ,” ಅಂದಳು ಲಾಳದವನ ಮಗಳು. ಓದಿದ, ತನ್ನ ಧ್ವನಿಯಲ್ಲೇ.

ಅವಳು ಒದ್ದೆ ಕೈಯನ್ನು ಇನ್ನೊಮ್ಮೆ ಒರೆಸಿಕೊಂಡು ಚೀಟಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಅವಳ ತುಟಿಯ ಮೂಲೆಯಲ್ಲಿ ಏನೋ ಕದಲಿತು, ಇನ್ನೂ ನಗುವಾಗಿರಲಿಲ್ಲ. “ಅಂದಿಲ್ಲ ಅನ್ನೋದಕ್ಕಾದ್ರೂ ಒಂದ್ಸಲ ಅಂದ್ರಲ್ಲ ಅಪ್ಪ.”

“ಎರಡು ಬಾಯಿ ಆಯ್ತು,” ಅಂದಳು ಸಹಾಯಕಿ, ಸಂಪಾದಕನ ಮುಖವನ್ನು ಮಾತ್ರ ಇನ್ನೂ ನೋಡದೆ.

ಐದು ಗಂಟೆಯೊಳಗೆ ತಲುಪಬೇಕಿತ್ತು. ಗೇಟಿನವರೆಗೆ ಹೋಗಿ ಅವನು ತಿರುಗಿ ನೋಡಿದ. ಲಾಳದವನ ಮಗಳು ಕಂದು ಕುದುರೆಯ ಪಕ್ಕ ನಿಂತಿದ್ದಳು. ಕುದುರೆ ಸೋತು ಕಾಲು ಕೆಳಗಿಟ್ಟಿತ್ತು. ಅವಳು ಅದರ ಹಿಂಗಾಲನ್ನು ಒಂದು ಸಲ ಸವರಿದಳು, ಎತ್ತಿ ತೊಡೆಗಳ ನಡುವೆ ಇಟ್ಟುಕೊಂಡಳು, ಬಗ್ಗಿದಳು. ಅಂಗಳದ ಆ ತುದಿಯಿಂದ ಅವಳು ಎಣಿಸುವುದು ಕೇಳಿಸಿತು, ಅವಸರವಿಲ್ಲದೆ, ಮತ್ತೆ ಒಂದರಿಂದ.